ಸಮ ಬಂದರೆ

ಗುರುವಾರ ನಾಲ್ಕಕ್ಕೆ, ಗಂಗೋತ್ರಿಯ ಗಣಿತ ವಿಭಾಗದ
ಮೇಲ್ಮಹಡಿಯ ಕೊಠಡಿಯಲ್ಲಿ ನನ್ನ ಸರದಿ.
ಕೇಳಲು ಒಂಬತ್ತು ಜನ.
ಇಬ್ಬರು ಹಾಜರಿಗೆ, ಒಬ್ಬ ಫ್ಯಾನಿನ ಗಾಳಿಗೆ,
ಮತ್ತೊಬ್ಬರು ನಿವೃತ್ತ ಪುಟ್ಟಮಾದಯ್ಯ ಮೇಷ್ಟ್ರು,
ಒಂದು ಗುರುವಾರವನ್ನೂ ತಪ್ಪಿಸಿದವರಲ್ಲ.
ಕೊಡೆಯನ್ನು ಬೆಂಚಿನ ಅಂಚಿಗೆ ತಗುಲಿಸಿ
ಕಣ್ಣು ಮುಚ್ಚಿದರು. ನಿದ್ದೆಯೋ ಧ್ಯಾನವೋ
ಪ್ರಶ್ನೆ ಬೀಳುವವರೆಗೆ ತಿಳಿಯದು.

ನನ್ನ ವಿಷಯವೂ ಸರದಿಯೇ.
ಯಂತ್ರ ಒಂದು, ಕೆಲಸ ಹಲವು.
ಒಂದೊಂದಕ್ಕೆ ಹಿಡಿಯುವ ಹೊತ್ತು ಬೇರೆ,
ಕಾಯಿಸಿದರೆ ತೆರುವ ದಂಡ ಬೇರೆ.
ಯಾರನ್ನು ಮೊದಲು ಕರೆದರೆ ಒಟ್ಟು ದಂಡ ಕಡಿಮೆ?

ಕೆಲಸ ಹತ್ತೇ ಇದ್ದರೂ
ನಿಲ್ಲಿಸಬಹುದಾದ ಸಾಲು ಮೂವತ್ತಾರು ಲಕ್ಷ, ಮೇಲೆ ಚಿಲ್ಲರೆ.
"ಎಲ್ಲ ಬರೆದು ನೋಡುತ್ತ ಕೂತರೆ
ವಿಭಾಗದ ಸೀಮೆಸುಣ್ಣ ಸಾಲದು" ಎಂದೆ.
ಯಾರೂ ನಗಲಿಲ್ಲ.
ಮನೆಯಲ್ಲಿ ಅಭ್ಯಾಸ ಮಾಡುವಾಗ ತಂಗಿ ನಕ್ಕಿದ್ದಳು.

ಒಂದನ್ನು ಹೇಳಲಿಲ್ಲ, ಸ್ಲೈಡಿಗೂ ಹಾಕಲಿಲ್ಲ:
ಈ ಲೆಕ್ಕವನ್ನು ನಾನು ಮೊದಲು ಕಂಡದ್ದು
ಮಂಡ್ಯದ ಸಕ್ಕರೆ ಕಾರ್ಖಾನೆಯ ತೂಕದ ಮನೆಯೆದುರು,
ಕಾಕಂಬಿಯ ವಾಸನೆಯಲ್ಲಿ, ರಸ್ತೆಯ ತಿರುವಿನಾಚೆಗೂ ನಿಂತ
ಕಬ್ಬಿನ ಗಾಡಿಗಳ ಲಾಟೀನುಗಳಲ್ಲಿ.
ಅಪ್ಪ ಅಲ್ಲಿ ಚೀಟಿ ಬರೆಯುವ ಗುಮಾಸ್ತ.
ಕಡಿದ ಕಬ್ಬು ನಿಂತಲ್ಲೇ ಒಣಗುತ್ತದೆ, ತೂಕ ಇಳಿಯುತ್ತದೆ.
ಊಟದ ಕ್ಯಾರಿಯರ್ ಹಿಡಿದು ನಾನು ಕಾದು ಕೂತಿರುತ್ತಿದ್ದೆ,
ಕಾಯುವ ಸಾಲಿನಲ್ಲಿ ನನ್ನದೊಂದು ಲೆಕ್ಕಕ್ಕಿಲ್ಲದ ಕೆಲಸ.

"ಅಕ್ಕಪಕ್ಕದ ಎರಡನ್ನು ಹಿಡಿಯಿರಿ," ಎಂದೆ ಬೋರ್ಡಿಗೆ,
"ಅದಲುಬದಲು ಮಾಡಿ.
ಮುಂದಿನವರಿಗೆ ಏನೂ ಆಗದು, ಹಿಂದಿನವರಿಗೂ ಆಗದು,
ಏರುಪೇರೆಲ್ಲ ಇವರಿಬ್ಬರ ನಡುವೆ."
ದಂಡವನ್ನು ಹೊತ್ತಿನಿಂದ ಭಾಗಿಸು,
ಹೆಚ್ಚು ಬಂದವರು ಮುಂದೆ ಬರಲಿ. ಅಷ್ಟೇ.
ಮೂವತ್ತಾರು ಲಕ್ಷ ಸಾಲು ಕರಗಿ
ಒಂದು ಸಾಲು ಉಳಿಯಿತು.
ಕಿಟಕಿಯಾಚೆ ಕುಕ್ಕರಹಳ್ಳಿಯತ್ತ ಹೆಜ್ಜಾರ್ಲೆಗಳು
ಯಾವ ಕ್ರಮವೂ ಇಲ್ಲದೆ ಇಳಿಯುತ್ತಿದ್ದವು.

ಮೇಷ್ಟ್ರು ಒಂದು ಕಣ್ಣು ತೆರೆದರು.
"ಸಮ ಬಂದರೆ, ತಾಯಿ?"
"ಯಾವುದು ಮೊದಲಾದರೂ ಸರಿ ಸರ್. ವ್ಯತ್ಯಾಸ ಸೊನ್ನೆ."
ಸೊನ್ನೆಯನ್ನು ಬರೆದೂ ತೋರಿಸಿದೆ, ಬೇಕಾದ್ದಕ್ಕಿಂತ ದೊಡ್ಡದಾಗಿ.
"ಸರಿ" ಎಂದು ಅವರು ಕಣ್ಣು ಮುಚ್ಚಿದರು.
ನನಗೆ ಮುಂದಿನ ಸಾಲು ಮರೆತುಹೋಯಿತು.

ಆ ರಾತ್ರಿ ಪಾಳಿ ಮುಗಿಯಲು ಒಂದೇ ಗಾಡಿಯ ಹೊತ್ತಿತ್ತು.
ಬಸರಾಳಿನ ಕಡೆಯಿಂದ ಚಲುವಯ್ಯ,
ಕೆರಗೋಡಿನ ಕಡೆಯಿಂದ ಚನ್ನಿಗೇಗೌಡ,
ಒಂದೇ ಗಳಿಗೆಗೆ ಬಂದು ನೊಗಕ್ಕೆ ನೊಗ ತಾಗಿಸಿದರು.
ಚಾಟಿ ಮೇಲೆದ್ದವು. ಹಿಂದಿನ ಗಾಡಿಗಳಿಂದ ಜನ ಇಳಿದರು.
ಅಪ್ಪ ಕಿವಿಗೆ ಪೆನ್ನು ಸಿಕ್ಕಿಸಿ ಹೊರಗೆ ಬಂದ,
ಎರಡು ಹೇರನ್ನೂ ನೋಡಿದ, ಪುಸ್ತಕ ನೋಡಿದ.
"ಲೆಕ್ಕ ಇಲ್ಗಂಟ ಬಂದು ನಿಂತ್ಕತು.
ಇನ್ನು ನೀವೇ ಯೋಳ್ರಪ್ಪ."

ಎಷ್ಟು ಹೊತ್ತೋ. ಎತ್ತುಗಳ ಉಸಿರು ಮಾತ್ರ.
ಆಮೇಲೆ ಚಲುವಯ್ಯ ಗಾಡಿ ಹಿಂದಕ್ಕೆ ಎಳೆದ:
"ಓಗ್ಲಿ ಬುಡಿ, ಅವುನ್ ಕರಿಯೆತ್ತು ಕುಂಟ್ತಾದೆ."
ಬೆಳಗಿನವರೆಗೆ ಗಾಡಿ ಕೆಳಗೆ ಮಲಗಿ ಕಾದ.
ಸಂತನೇನಲ್ಲ,
ಮುಂದೆ ಮೂರು ಸುಗ್ಗಿ ಆ ಎತ್ತನ್ನು ಎತ್ತಿ ಎತ್ತಿ ಆಡಿದ.

ಚಪ್ಪಾಳೆ ಆಯಿತು, ಒಂಬತ್ತು ಜನರದು ಎಷ್ಟೋ ಅಷ್ಟು.
ಚಿಕ್ಕಸಿದ್ದಮ್ಮ ಟೀ ತಂದರು, ಬೋಂಡ ತಣ್ಣಗಿತ್ತು.
ಮುಂದಿನ ವಾರ ನಕ್ಷೆಗೆ ಬಣ್ಣ ತುಂಬುವ ಲೆಕ್ಕ,
ಧಾರವಾಡದಿಂದ ಒಬ್ಬರು ಬರುತ್ತಾರಂತೆ.

ಸಂಜೆಯ ಪ್ಯಾಸೆಂಜರಿನಲ್ಲಿ, ನಾಗನಹಳ್ಳಿ ದಾಟುವಾಗ
ಅಪ್ಪನ ಫೋನು. "ಎಂಗಾಯ್ತು?"
"ಆಯ್ತು. ಒಬ್ಬರು ಒಂದು ಕೇಳಿದರು."
"ಏನಂತೆ?"
"ಸಮ ಬಂದರೆ ಏನು ಅಂತ."

ಹಳಿಯ ಸದ್ದು. ಫೋನು ಕಡಿಯಿತು ಅಂದುಕೊಂಡೆ.
"ಆ ಎತ್ತು ಕುಂಟ್ತಿರ್ನಿಲ್ಲ ಕನವ್ವ," ಎಂದ ಅಪ್ಪ.
"ಏನಾರ ಒಂದು ಯೋಳ್ಬೇಕಿತ್ತಲ್ಲ."