ಒಂಬತ್ತನೆಯ ಹಾಳೆ

ಬಂದರಿನ ಅದ್ರಾಮನ ಗುಜರಿಯಲ್ಲಿ
ಹತ್ತನೇ ಕ್ಲಾಸಿನ ಉತ್ತರಪತ್ರಿಕೆಗಳ ನಡುವೆ
ಮೊದಲನೆಯದು ಸಿಕ್ಕಿದ್ದು.
‘ಎಂತ ಚಿತ್ರ ಬಾಯಮ್ಮ ಇದು, ತಲೆಬುಡ ಇಲ್ಲ’ ಅಂದ.
ನಿಜವೇ. ಅರಸನಿಗೆ ತಲೆ ಇರಲಿಲ್ಲ.
ಕೊರಳ ಮೇಲೆ ಅರೆ ತೆರೆದ ಒಂದು ಬಾಗಿಲು,
ಒಳಗೆ ಯಾರೋ ದೀಪ ಆರಿಸದೆ ಹೋಗಿದ್ದರು.

ಅಂಚಿಗೆ ಪೆನ್ಸಿಲಿನಲ್ಲಿ: ಆಶ್ವಾಸ ಒಂದು.
ಅರವತ್ತು ಪ್ರತಿಗಳಲ್ಲಿ ಹದಿನೇಳನೆಯದು.
ತೂಗಿದ. ತಕ್ಕಡಿಯ ಮುಳ್ಳು ಅಲುಗಲೇ ಇಲ್ಲ.
‘ಹಾಗೇ ಕೊಂಡುಹೋಗಿ.’
ಆಮೇಲೆ ನಾನು ತೆತ್ತದ್ದೆಲ್ಲ
ಆ ಪುಕ್ಕಟೆಯ ಬಡ್ಡಿ.

ಕಂಕನಾಡಿಯ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು ನಾನು.
ಉಸಿರು ಎಳೆಯಿರಿ, ಹಿಡಿಯಿರಿ, ಬಿಡಿ:
ಇಪ್ಪತ್ತಾರು ವರ್ಷಗಳಿಂದ ಇದೇ ನನ್ನ ತ್ರಿಪದಿ.
ಮಗು ನುಂಗಿದ ಕಿವಿಯೋಲೆ
ಎದೆಗೂಡಿನಲ್ಲಿ ನಕ್ಷತ್ರದಂತೆ ನಿಂತದ್ದು ಕಂಡವಳಿಗೆ
ಈ ಚಿತ್ರಗಳು ವಿಚಿತ್ರ ಅನಿಸಲಿಲ್ಲ.
ಮದುವೆಯಲ್ಲಿ ಸಿಕ್ಕ ದೂರದ ನೆಂಟರ ಹಾಗೆ,
ಹೆಸರು ಗೊತ್ತಿಲ್ಲ, ಮೂಗು ಗೊತ್ತು.

ಎರಡು, ಮೂರು, ನಾಲ್ಕು ಬಿಜೈಯ ಒಂದು ಅಟ್ಟದಲ್ಲಿ.
ನಾಲ್ಕಕ್ಕೆ ಗೆದ್ದಲು. ನದಿಯನ್ನು ಸೀರೆಯ ಹಾಗೆ ಮಡಚಿ
ಕಪಾಟಿನಲ್ಲಿಟ್ಟ ಚಿತ್ರ ಅದು;
ಒಂದು ದಡ ಮಾತ್ರ ತಿಂದು ಬಿಟ್ಟಿದ್ದವು.
ಏಳಕ್ಕೆ ಒಂದು ಬಳೆ ಹೋಯಿತು.
ಹನ್ನೊಂದನ್ನು ಊರ್ವದ ಸಲೂನಿನವರು
ಕನ್ನಡಿಯ ಬೆನ್ನಿಗೆ ಅಂಟಿಸಿದ್ದರು,
ಕುದುರೆ ಒಂದು ಕಡೆ ಓಡುತ್ತದೆ, ನೆರಳು ಇನ್ನೊಂದು ಕಡೆ.
‘ಅಲ್ತಾರಿನ ಎದುರಿಗೇ ಇದೆಲ್ಲ ಯಾಕೆ?’
ನಾದಿನಿ ಪ್ಲೇವಿ ಪ್ರತಿ ಭಾನುವಾರ ಕೇಳುತ್ತಾಳೆ,
ಕೇಳುತ್ತಲೇ ನೋಡುತ್ತಾಳೆ.

ಕಾವ್ಯ ನಾನು ಓದಿದವಳಲ್ಲ.
ಮಣಿಕಟ್ಟು ಮುರಿದು ಬಂದ ಪಂಡಿತರೊಬ್ಬರು
ಪ್ಲಾಸ್ಟರು ಒಣಗುವಷ್ಟು ಹೊತ್ತು ಓದಿ ಹೇಳಿದರು.
‘ಬಾಗಿಲೂ ಇಲ್ಲ, ಕಪಾಟೂ ಇಲ್ಲ ತಾಯಿ,
ಅರಸ ಅತ್ತ ಎಂದು ಉಂಟು, ಅಷ್ಟೆ.’
ಸ್ವಲ್ಪ ಸುಮ್ಮನಿದ್ದು,
‘ಅಳುವವನಿಗೆ ತಲೆ ಎಲ್ಲಿರುತ್ತದೆ, ಅಲ್ವಾ?’
ನನ್ನಲ್ಲಿಲ್ಲದ ಒಂಬತ್ತನ್ನು ಕೇಳಿದೆ.
‘ಒಂಬತ್ತರಲ್ಲಿ ಊರು ಸುಡುತ್ತದೆ.’

ಎಷ್ಟು ರಾತ್ರಿ ಆ ಬೆಂಕಿಯನ್ನು ನಾನೇ ಬರೆದೆನೋ!
ಜ್ವಾಲೆಗೆ ಹಲ್ಲು ಬರೆದೆ, ಮೀನಿನ ಕಿವಿರು ಬರೆದೆ,
ಕೋಟೆಯನ್ನು ಮೇಣದಲ್ಲಿ ಕಟ್ಟಿದೆ.

ಕಡೆಗೆ ಉಡುಪಿಯಲ್ಲಿ, ಕುಂಜಿಬೆಟ್ಟಿನಲ್ಲಿ,
ಬ್ಯಾಂಕಿನಿಂದ ನಿವೃತ್ತರಾದ ಕೆದ್ಲಾಯರ ಮನೆಯಲ್ಲಿ
ಉಂಟು ಎಂದು ತಿಳಿಯಿತು.
ರಜೆ ಹಾಕಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿದೆ.
ಗ್ಯಾಸಿನ ರಸೀದಿಗಳ ಪಕ್ಕದಲ್ಲಿ ತೂಗುಹಾಕಿದ್ದರು.

ಒಬ್ಬಳು ಹೆಂಗಸು.
ಮೆಟ್ಟಿಲಲ್ಲಿ ಕೂತು ಅಕ್ಕಿಯಲ್ಲಿ ಕಲ್ಲು ಹೆಕ್ಕುತ್ತಿದ್ದಾಳೆ.

ತಲೆ ತಲೆಯ ಜಾಗದಲ್ಲೇ.
ನೆರಳು ಬೀಳಬೇಕಾದಲ್ಲೇ.
ಬೆರಳು ಎಣಿಸಿದೆ: ಐದು, ಐದು.
ಗೆರಸೆಯಲ್ಲಿ ಅಕ್ಕಿ ಅಕ್ಕಿಯೇ.
ಕನ್ನಡಕ ಒರೆಸಿದೆ, ಹತ್ತಿರ ಹೋದೆ, ದೂರ ಬಂದೆ.
ಹೊಗೆಯ ಒಂದು ಎಳೆಯೂ ಇಲ್ಲ.
ಅವಳು ಕೈಯ ಕಲ್ಲನ್ನು ಇನ್ನೂ ಎಸೆದಿಲ್ಲ.

‘ಪ್ರೆಸ್ಸಿನವ ಬೇರೆ ಯಾವುದೋ ಹಾಳೆ ಸೇರಿಸಿರಬೇಕು,’
ಕೆದ್ಲಾಯರು ಅಂದರು, ‘ಬೇಕಾದರೆ ಕ್ರಯ ಮಾತಾಡುವ.’
ಕಾಫಿ ಚೆನ್ನಾಗಿದೆ ಅಂದೆ.

ಮೂಲ್ಕಿ ಸಂಕದ ಮೇಲೆ ಬಸ್ಸು ನಿಧಾನವಾದಾಗ
ಪಕ್ಕದ ಸೀಟಿನವಳು ಮಡಿಲಲ್ಲಿ ಅಬ್ಬಲಿಗೆ ಕಟ್ಟುತ್ತಿದ್ದಳು.
ಅವಳ ಬೆರಳನ್ನೂ ಎಣಿಸಿದೆ,
ಮತ್ತೆ ಕಿಟಕಿಯಾಚೆ ನೋಡಲು ಹೆದರಿದೆ.

ಒಂಬತ್ತರ ಮೊಳೆಗೆ ಈಗ ಕೊಡೆ ಸಿಕ್ಕಿಸುತ್ತೇನೆ.
ಬಂದವರು ಎಂಟು ಮುಗಿಸಿ
ಅದರ ಎದುರೂ ಒಂದು ಗಳಿಗೆ ನಿಂತು ತಲೆಯಾಡಿಸುತ್ತಾರೆ.
ತಿದ್ದಲು ಹೋಗುವುದಿಲ್ಲ.
ಆಟಿಯಲ್ಲಿ ಅದು ತೊಟ್ಟಿಕ್ಕುತ್ತದೆ,
ಕೆಳಗೊಂದು ತಟ್ಟೆ ಇಟ್ಟಿದ್ದೇನೆ.