ಹತ್ತೊಂಬತ್ತನೆಯ ಸಾಲು

ಸ್ಕರ್ದುವಿನ ಹಳೇ ಸಾಮಾನಿನ ಬೀದಿಯಲ್ಲಿ
ಹೊರೆಯಾಳು ಫಿದಾ ಬೂಟು ಕೊಂಡ.
ಒಂದು ಸೈಜು ದೊಡ್ಡದು.
ಎರಡೆರಡು ಕಾಲುಚೀಲ ಏರಿಸು, ಕೂರುತ್ತೆ,
ಅಂದ ಅಂಗಡಿ ಮುದುಕ.
ಜೊತೆಗೊಂದು ಪುಕ್ಕ ತುಂಬಿದ ಕೋಟು,
ಮೊಣಕೈಗೆ ಟೇಪು ಮೆತ್ತಿದ್ದು;
ಕೊಡವಿದರೆ ಯಾವ ದೇಶದ್ದೋ ಬಾತು
ಇನ್ನೂ ಗರಿ ಉದುರಿಸುತ್ತದೆ.

ಹೂಶೆಯ ಮನೆಯಲ್ಲಿ, ಒಲೆ ಬೆಳಕಿಗೆ,
ಸಕೀನಾ ಒಳಜೇಬು ತಡವಿದಳು:
ನಾಲ್ಕಾಗಿ ಮಡಿಸಿದ ಚೀಟಿ.
ಓದಬಾರದ ಲಿಪಿ, ಹತ್ತೊಂಬತ್ತು ಸಾಲು.
ಹದಿನೆಂಟಕ್ಕೆ ಪೆನ್ಸಿಲ್ ಗೀಟು.
ಕೊನೆಯದಕ್ಕಿಲ್ಲ.

‘ಏನು ಮರೆತನೋ, ಪಾಪ.’
‘ಮರೆತಿರಲಾರ. ಭಾರ ನೋಡಿ ಬಿಟ್ಟಿರಬೇಕು.’

ಅವಳು ಮಾತಾಡಲಿಲ್ಲ.
ರೊಟ್ಟಿ ಕಟ್ಟಿದಳು, ಉಪ್ಪು, ಸೂಜಿ ದಾರ,
ಹಿಮಗುರುಡಿಗೆಂದು ಬಿರುಕುಬಿಟ್ಟ ಕಪ್ಪು ಕನ್ನಡಕ.
ಹಗ್ಗ ಬಿಗಿದು, ಎತ್ತಿ ನೋಡಿ, ಮತ್ತೆ ಇಳಿಸಿದಳು.

ಅವನು ಮಲಗಿದ ಮೇಲೆ
ಇದ್ದಿಲ ಚೂರಿನಲ್ಲಿ
ಕೊನೆಯ ಸಾಲಿಗೂ ಒಂದು ಗೀಟೆಳೆದು
ಚೀಟಿಯನ್ನು ಅದೇ ಜೇಬಿಗೆ ಸೇರಿಸಿದಳು.