ಗುಂಡಿ

ತಾರ್ತು ಊರಿನ ನದಿಯಂಚಿಗೆ ಒಂದು ಕೇರಿ,
ಹೆಸರೇ ಸೂಪಿನಕೇರಿ.
ಬಟಾಣಿ ಬೀದಿ, ಅವರೆ ಬೀದಿ, ಆಲೂಗಡ್ಡೆ ಬೀದಿ—
ಹಸಿದವನು ವಿಳಾಸ ಕೇಳಬಾರದ ಜಾಗ.
ಅಲ್ಲಿಯ ಮರದ ಮನೆಗಳ ಹೊಗೆಗೂಡು ಗುಡಿಸುವವನು
ನನ್ನ ಗಂಡ ಎಂಡೆಲ್.
ಕರಿಯ ಕೋಟು, ಎರಡು ಸಾಲು ಹಿತ್ತಾಳೆ ಗುಂಡಿ;
ಮುಟ್ಟಿದರೆ ಅದೃಷ್ಟವಂತೆ.
ಪರೀಕ್ಷೆಗೆ ಹೊರಟ ಹುಡುಗರು, ಲಾಟರಿ ಕೊಂಡ ಮುದುಕರು
ದಾರಿಯಲ್ಲೇ ನಿಲ್ಲಿಸಿ ಮುಟ್ಟಿ ಹೋಗುತ್ತಾರೆ.
ಮೂವತ್ತು ವರ್ಷ ಆ ಗುಂಡಿ ಹೊಲಿದವಳು ನಾನು.
ನನಗೆ ಲಾಟರಿ ಹೊಡೆದದ್ದಿಲ್ಲ.

ಹೋದ ಅಕ್ಟೋಬರಿನಲ್ಲಿ ಬಟಾಣಿ ಬೀದಿಯ ಲೈದಾ ಮುದುಕಿ
ಒಲೆಯ ಮುಂದೆ ಮಂಡಿಯೂರಿ ಕೆಮ್ಮುತ್ತಿದ್ದವನ ಬೆನ್ನಿಗೆ ಹೇಳಿದಳಂತೆ:
"ವರ್ಷಾ ವರ್ಷಾ ಬಂದು ನನ್ನದನ್ನ ಗುಡಿಸ್ತೀಯ,
ನಿನ್ನದನ್ನ ಗುಡಿಸೋರು ಯಾರಪ್ಪ?"
ಮನೆಗೆ ಬಂದವನು ಪ್ಯಾಕನ್ನೇ ಒಲೆಗೆ ಹಾಕಿದ.
ಹನ್ನೊಂದು ಉಳಿದಿದ್ದವು. ಎಣಿಸಿದ್ದೆ.

ಆಮೇಲೆ ಶುರು ಬಾಯಿಯ ದರ್ಬಾರು.
ಬೆರಳ ಸಂದಿಗೆ ಏನೋ ಬೇಕು, ತುಟಿಗೆ ಏನೋ ಬೇಕು:
ಕರಿಬ್ರೆಡ್ಡಿನ ಅಂಚು, ಉಪ್ಪುಮೀನು,
ಚಾಕೊಲೇಟು ಹೊದ್ದ ಪನೀರಿನ ತುಂಡು.
ನಡುರಾತ್ರಿ ಫ್ರಿಜ್ಜಿನ ಬೆಳಕಿನಲ್ಲಿ ಅವನ ಮುಖ
ಯಾರದೋ ಮನೆಗೆ ತಪ್ಪಿ ಬಂದವನ ಹಾಗೆ.
ಹೊಗೆ ಬಿಟ್ಟರೆ ಹೊಟ್ಟೆ, ಹೊಟ್ಟೆ ಕಟ್ಟಿದರೆ ಹೊಗೆ—
ಅತ್ತ ದರಿ, ಇತ್ತ ಪುಲಿ,
ನಡುವೆ ನಲವತ್ತೈದು ಸೆಂಟಿಮೀಟರಿನ ಅಟ್ಟದ ಕಿಂಡಿ.
ಕಿಂಡಿ ದಾಟಿದರೆ ಛಾವಣಿ, ಛಾವಣಿ ಏರಿದರೆ ಕೂಲಿ.
ಸೊಂಟ ಸಿಕ್ಕಿಕೊಂಡರೆ?

ನವೆಂಬರಿನ ಕೊನೆಗೆ
ಲೈದಾಳ ಹೊಗೆಗೂಡಿಗೆ ಮುಚ್ಚಳ ಕೂರಿಸಲು ಬಗ್ಗಿದಾಗ
ಕೋಟಿನ ಮೂರನೆಯ ಗುಂಡಿ ಟಪ್ಪೆಂದು ಹಾರಿ
ಒಳಗೆ ಬಿತ್ತು.
ಠಣ್. ಠಣ್. ಇನ್ನೂ ಕೆಳಗೆಲ್ಲೋ, ಠಣ್.
ಅವನು ಛಾವಣಿಯ ಮೇಲೆ ಕೂತು ಕೇಳಿದನಂತೆ.
ಯಾವಾಗಲೂ ಕಡ್ಡಿ ಗೀರುತ್ತಿದ್ದದ್ದು ಅಲ್ಲೇ.
ಕೈ ಜೇಬಿಗೆ ಹೋಯಿತು; ಜೇಬಿನಲ್ಲಿ ನಾನಿಟ್ಟ ಹಸಿ ಕ್ಯಾರೆಟ್ಟು.
ಊರೆಲ್ಲ ನೋಡುವಂತೆ ಅದನ್ನೇ ಕಡಿದ.
ನಗಬೇಡಿ.

ನಾನು ಹೊಸ ಗುಂಡಿ ಹಚ್ಚಿದೆ. ಹಚ್ಚುವಾಗ
ಇಡೀ ಸಾಲನ್ನೇ ಒಂದು ಬೆರಳು ಅತ್ತ ಸರಿಸಿದೆ.
ಅವನು ಕೇಳಲಿಲ್ಲ. ನಾನು ಹೇಳಲಿಲ್ಲ.
ನೆಲಮಾಳಿಗೆಯ ಆಲೂಗಡ್ಡೆ ತಕ್ಕಡಿ ಮಾತ್ರ
ಮುಲಾಜಿಲ್ಲದೆ ಹೇಳಿತು: ಮೂರೂವರೆ ಕಿಲೋ.

ಬೆಣ್ಣೆ ಕೈಗೆಟುಕದ ಹಲಗೆ ಏರಿತು.
ಊಟದ ತಟ್ಟೆ ತಿಂಡಿಯ ತಟ್ಟೆಯಾಯಿತು.
ಊಟ ಮುಗಿದೊಡನೆ, ಒಂದು ಸಿಗರೇಟು ಉರಿದು ಮುಗಿಯುವ
ಆ ಏಳು ನಿಮಿಷ, ನದಿಯ ತನಕ ನಡಿಗೆ.
ಮಾತಿಲ್ಲ. ಕಾಲಡಿ ಹಿಮದ ಕರಕರ.
ಚಮಚ ಬಿದ್ದರೂ ಸಿಡುಕುತ್ತಿದ್ದವನು
ಸೇತುವೆಯ ಬಳಿ ಒಮ್ಮೆ ನಿಂತು, "ಹೊಳೆಗೂ ವಾಸನೆ ಇದೆ ಕಣೇ" ಎಂದ.
ಅದನ್ನು ತಕ್ಕಡಿಗೆ ಹೇಗೆ ಹಾಕುವುದು?

ಇನ್ನು, ಯಾರೂ ಕೇಳದ ಒಂದು ವಿಷಯ.
ಅವನು ಮಲಗಿದ ಮೇಲೆ ಪ್ಯಾಕಿನಿಂದ ಮೂರು ಎತ್ತಿಟ್ಟುಕೊಂಡು
ಮರುದಿನ ಅಡುಗೆಮನೆ ಕಿಟಕಿಯಲ್ಲಿ ನಾನೂ ಸೇದುತ್ತಿದ್ದೆ.
ಸುಟ್ಟ ಹನ್ನೊಂದರಲ್ಲಿ ಮೂರು ನನ್ನ ಪಾಲು.
ಅವನು ಬಿಟ್ಟ ದಿನವೇ ಬಿಟ್ಟೆ.
ಯಾರೂ ಶಹಭಾಸ್ ಎನ್ನಲಿಲ್ಲ, ಯಾರೂ ಕ್ಯಾರೆಟ್ಟು ಇಡಲಿಲ್ಲ.
ನನ್ನ ಲಂಗದ ಕೊಕ್ಕೆ ಎರಡು ಸಲ ಜಾಗ ಬದಲಿಸಿತು,
ರಾತ್ರಿ ಹೊತ್ತು, ದೀಪ ಸಣ್ಣದು ಮಾಡಿ.

ಏಪ್ರಿಲಿನಲ್ಲಿ ಲೈದಾ ಬೂದಿ ತೆಗೆಯುವಾಗ ಗುಂಡಿ ಸಿಕ್ಕಿತು,
ಮಸಿ ಹಿಡಿದು, ಹುರಿದ ಅವರೆಕಾಳಿನಂತೆ.
ಎಂಡೆಲ್‌ಗೆ ಕೊಡಲಿಲ್ಲ. ನನ್ನನ್ನು ಕರೆಸಿದಳು.
ಅಂಗೈಗೆ ಹಾಕಿ ಮುಷ್ಟಿ ಮಡಿಸಿದಳು:
"ಈಚೆಗೆ ನಿನ್ನ ತಲೆಗೂದಲಿಗೂ ಬರೀ ಸೋಪಿನ ವಾಸನೆ.
ತಗೋ."

ಕೋಟಿನ ಸಾಲು ಅರ್ಧ ಬೆರಳು ಹಿಂದಕ್ಕೆ ಬಂದಿದೆ;
ಹಳೆಯ ಸೂಜಿತೂತುಗಳು ಬಟ್ಟೆಯಲ್ಲಿ ಹಾಗೇ ಇವೆ.
ಒಂದೂವರೆ ಕಿಲೋ ಉಳಿದಿದೆ, ಇರಲಿ;
ಕಿಂಡಿ ಇನ್ನೂ ಬಿಡುತ್ತದೆ.
ಕೊಕ್ಕೆ ಕಿತ್ತು ಆ ಗುಂಡಿಯನ್ನು ಲಂಗಕ್ಕೆ ಹೊಲಿದುಕೊಂಡೆ.
ನಿನ್ನೆ ಬೂಟಿನ ದಾರ ಕಟ್ಟಲು ಬಗ್ಗಿದವನು ತಲೆಯೆತ್ತಿ
"ಎಲ್ಲೋ ನೋಡಿದ ಹಾಗಿದೆಯಲ್ಲ" ಎಂದ.
"ನಡಿ," ಎಂದೆ, "ಏಳು ನಿಮಿಷ."